ದಂಬೆಯಲ್ಲಿ ಹೊಳೆಹುಳ ಸಾಕಿದೆ

ಪಯಸ್ವಿನಿ ಹೊಳೆಯ ಕಲ್ಲಿನ ಪಾಚಿಯಲ್ಲಿ ನೂಲಿನಂಥ ಸಣ್ಣ ಹುಳಗಳಿವೆಯಲ್ಲ, ಅವು ಮನೆಯಲ್ಲಿ ಬದುಕುವುದಿಲ್ಲ ಅಂತ ಮೀನು ಸಾಕುವ ಗೆಳೆಯರೆಲ್ಲ ಹೇಳುತ್ತಿದ್ದರು. ನಮ್ಮಲ್ಲಿ ಅವು ಬಂದು ಒಂದು ವರ್ಷ ದಾಟಿತು. ನಡುವೆ ಎಲ್ಲ ಸತ್ತು ಮತ್ತೆ ತರಬೇಕಾಗಿಯೂ ಬಂತು, ಆದರೆ ಈಗ ಮರಿಮೀನಿಗೆ ದಿನಾ ತೆಗೆದರೂ ಮುಗಿಯುವುದಿಲ್ಲ.

ಮೊದಲು ಟಬ್ಬಿನಲ್ಲಿ ಹಾಕಿದ್ದೆ. ಏರ್ ಪಂಪು, ಫಿಲ್ಟರು, ಆಮೇಲೆ ಇನ್ನೊಂದು ದೊಡ್ಡ ಪಂಪು. ನಾಲ್ಕು ಸಾವಿರದ ಹತ್ತಿರ ಹೋಯಿತು. ಒಂದು ರಾತ್ರಿ ಕರೆಂಟು ಹೋಯಿತು, ಬೆಳಗ್ಗೆ ಒಂದೂ ಉಳಿದಿರಲಿಲ್ಲ. ಚರಂಡಿಯಲ್ಲಿ ಸಿಗುವ ಟ್ಯೂಬಿಫೆಕ್ಸ್ ಹುಳ ಆದರೆ ಗಾಳಿ ಕಮ್ಮಿ ಇರುವ ಕೆಸರಲ್ಲೂ ತಡೆಯುತ್ತದೆ. ಇವಕ್ಕೆ ಹರಿವು ಬೇಕೇ ಬೇಕು.

ಹರಿವು ನಮ್ಮ ಗುಡ್ಡೆಯ ಬುಡದಲ್ಲೇ ಇತ್ತಲ್ವಾ! ಸುರಂಗದ ನೀರು, ಅಂದರೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲದಿಂದ ತಾನಾಗಿ ಹರಿದು ಬರುವ ನೀರು. ಕರೆಂಟು ಬೇಡ, ಬೇಸಿಗೆಯಲ್ಲೂ ತಂಪು. ಹನ್ನೆರಡು ಅಡಿಯ ಅಡಿಕೆ ದಂಬೆಯನ್ನು (ಅಡಿಕೆ ಮರ ಸೀಳಿ ತಿರುಳು ತೆಗೆದ ಕಾಲುವೆ) ನಾಲ್ಕು ಬೆರಳು ಇಳಿಜಾರಾಗಿ ಇಟ್ಟೆ. ಸುರಂಗದ ನೀರು ಒಂದು ಅಡಿ ಎತ್ತರದಿಂದ ಅದರ ಮೇಲೆ ಬೀಳಬೇಕು, ಆಗ ಗಾಳಿ ಸೇರುತ್ತದೆ. ಹೊಸ ದಂಬೆಯ ಚೊಗರು ಬಿಡಲು ಹದಿನೈದು ದಿನ ಸುಮ್ನೆ ನೀರು ಹರಿಸಿದೆ. ಆಮೇಲೆ ಹೊಳೆಯಿಂದ ಪಾಚಿ ಸಮೇತ ಏಳೆಂಟು ಕಲ್ಲು ತಂದೆ. ಖರ್ಚು ಇನ್ನೂರು ರೂಪಾಯಿ, ಅದೂ ಬಲೆಬಟ್ಟೆಗೆ.

ಒಂದೂವರೆ ತಿಂಗಳಲ್ಲಿ ಕಲ್ಲಿನ ಮೇಲೆಲ್ಲ ಹುಳ. ಲೆನ್ಸಿನಲ್ಲಿ ನೋಡಿದರೆ ಎರಡು ಕಪ್ಪು ಕಣ್ಣು. ಮೈಯ ನಡುವೆಯೇ ಇನ್ನೊಂದು ತಲೆ ಮೂಡಿ, ಒಂದು ಹುಳ ಎರಡಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಮಳೆಗಾಲದಲ್ಲಿ ಎಲ್ಲ ಸತ್ತವು. ಮೇಲಿನ ಅಡಿಕೆ ಮರಗಳಿಗೆ ಕೊಳೆರೋಗದ ಮದ್ದು ಬಿಟ್ಟಿದ್ದೆವು. ಆ ಮದ್ದು ಬೋರ್ಡೋ, ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಹುಳಕ್ಕೆ ಅದು ವಿಷ. ಗೊನೆಯಿಂದ ತೊಟ್ಟಿಕ್ಕಿದ್ದು ಸೀದಾ ದಂಬೆಗೆ ಬಿತ್ತು. ಎರಡು ದಿನ ಊಟ ಸೇರಲಿಲ್ಲ. ಹೊಳೆ ತಿಳಿಯಾಗುವವರೆಗೆ ಕಾದು ಮತ್ತೆ ಕಲ್ಲು ತಂದೆ. ಈಗ ದಂಬೆ ಸುರಂಗದ ಬಾಯಿಯ ಹತ್ತಿರ ಇದೆ, ಮೇಲೆ ಸೋಗೆಯ ಮಾಡು. ನೀವು ಮಾಡುವುದಾದರೆ ಇದನ್ನು ಮೊದಲು ನೋಡಿಕೊಳ್ಳಿ.

ಕಲ್ಲಿನ ಜೊತೆ ತ್ರಿಕೋನ ತಲೆಯ ಚಪ್ಪಟೆ ಹುಳವೂ ಬಂದಿತ್ತು. ಒಂದನ್ನು ಬ್ಲೇಡಿನಲ್ಲಿ ಎರಡು ಮಾಡಿ ಬಟ್ಟಲಲ್ಲಿಟ್ಟೆ. ಎರಡು ವಾರದಲ್ಲಿ ಎರಡೂ ಪೂರ್ತಿ ಬೆಳೆದವು. ಮೀನಿಗೆ ಅದರಿಂದ ಲಾಭವಿಲ್ಲ, ಆದರೂ ಬಟ್ಟಲು ಹಾಗೆಯೇ ಇಟ್ಟಿದ್ದೇನೆ.

ಸುರಂಗದ ನೀರಲ್ಲಿ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ. ವಾರಕ್ಕೊಮ್ಮೆ ಒಂದು ಹಿಡಿ ಹಾಕುತ್ತೇನೆ, ಅದು ಎಲ್ಲರ ತೋಟದಲ್ಲೂ ಬಿದ್ದಿರುವ ವಸ್ತು. ಏನೆಂದು ಈಗ ಹೇಳುವುದಿಲ್ಲ. ಅಡಿಕೆ ಹಾಳೆ ಅಂತೂ ಅಲ್ಲ. ಅದನ್ನು ಹಾಕಿ ನೋಡಿದ್ದೇನೆ, ನೀರು ಕಂದಾಗಿ ಹುಳವೆಲ್ಲ ಕೆಳಗೆ ಕೊಚ್ಚಿಹೋಯಿತು.