ಮಾಸ್ಟರ್ಸ್ ಈಜು ಕೂಟದಲ್ಲಿ ಎಷ್ಟು ಸ್ಪರ್ಧೆಗೆ ಹೆಸರು ಕೊಡಬೇಕು: ನನ್ನ ಅನುಭವ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಈಜು ಕಲಿತದ್ದು ನನ್ನ 39ನೆಯ ವಯಸ್ಸಿನಲ್ಲಿ. ಭದ್ರಾ ನಾಲೆಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬೆಳೆದರೂ ನಾಲೆಗೆ ಧುಮುಕುತ್ತಿದ್ದವರು ಅಣ್ಣಂದಿರು ಮಾತ್ರ; ಹೆಣ್ಣುಮಕ್ಕಳಾದ ನಾವು ದಂಡೆಯಲ್ಲಿ ಬಟ್ಟೆ ಒಗೆದು ಮನೆಗೆ ಮರಳುತ್ತಿದ್ದೆವು. ಊರಿನ 25 ಮೀಟರ್ ಕೊಳದಲ್ಲಿ ಮಹಿಳೆಯರ ಬ್ಯಾಚಿಗೆ ಸೇರಿ, ಉಸಿರು ಬಿಡುವುದರಿಂದ ಆರಂಭಿಸಿ ಏಳು ವರ್ಷ ಕಲಿತ ಮೇಲೆ, ಬೆಂಗಳೂರಿನಲ್ಲಿ ನಡೆದ ಒಂದು ದಿನದ ಮಾಸ್ಟರ್ಸ್ ಕೂಟಕ್ಕೆ ಮೊದಲ ಬಾರಿ ಹೋದೆ. ಮಾಸ್ಟರ್ಸ್ ಎಂದರೆ 25 ವರ್ಷ ತುಂಬಿದವರ ಸ್ಪರ್ಧೆ. 25ರಿಂದ 29, 30ರಿಂದ 34 ಎಂದು ಐದೈದು ವರ್ಷಗಳ ಗುಂಪು ಮಾಡುತ್ತಾರೆ, ಮತ್ತು ಅಂತರರಾಷ್ಟ್ರೀಯ ನಿಯಮದಂತೆ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸಾಗಿರುತ್ತದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾನು 45ರಿಂದ 49ರ ಗುಂಪಿನವಳು.

ಆ ಮೊದಲ ಕೂಟದಲ್ಲಿ ನಾನು ಐದು ಸ್ಪರ್ಧೆಗಳಿಗೆ ಹೆಸರು ಕೊಟ್ಟೆ. 200 ಮೀಟರ್ ಫ್ರೀಸ್ಟೈಲ್, 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕಾಲು ಒದೆಯುವ ಈಜು), 100 ಮೀಟರ್ ಫ್ರೀಸ್ಟೈಲ್, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ 50 ಮೀಟರ್ ಫ್ರೀಸ್ಟೈಲ್. ಸುತ್ತೋಲೆಯಲ್ಲಿ ಐದರವರೆಗೆ ಅವಕಾಶವಿದೆ ಎಂದಿತ್ತು. ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಹೋಗಿ, ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿದು, ಎರಡು ಬಾರಿ ನೀರಿಗಿಳಿದು ಹಿಂತಿರುಗುವುದು ನಷ್ಟವೆಂದು ನನಗೆ ತೋರಿತ್ತು. ಅರ್ಜಿ ತುಂಬುವಾಗ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಈ ದೂರವನ್ನು ನಾನು ಈಜಬಲ್ಲೆನೇ? ಐದಕ್ಕೂ ಉತ್ತರ ಹೌದು ಎಂದೇ ಇತ್ತು.

ನಾನು ನಿಜವಾಗಿ ತಯಾರಾಗಿದ್ದದ್ದು 100 ಮೀಟರ್ ಬ್ರೆಸ್ಟ್‌ಸ್ಟ್ರೋಕಿಗೆ. ಊರಿನಲ್ಲಿ ಅದನ್ನು 1 ನಿಮಿಷ 56 ಸೆಕೆಂಡಿನಲ್ಲಿ ಮುಗಿಸುತ್ತಿದ್ದವಳು ಅಲ್ಲಿ 2 ನಿಮಿಷ 11 ಸೆಕೆಂಡು ತೆಗೆದುಕೊಂಡೆ. ಅದರಲ್ಲಿ ಸ್ವಲ್ಪ ಪಾಲು ಕೊಳದ ಉದ್ದಕ್ಕೆ ಸೇರಿದ್ದು. 25 ಮೀಟರ್ ಕೊಳದಲ್ಲಿ 100 ಮೀಟರಿಗೆ ಮೂರು ತಿರುವುಗಳು ಸಿಗುತ್ತವೆ, ಪ್ರತಿ ತಿರುವಿನಲ್ಲೂ ಗೋಡೆಯನ್ನು ಒದ್ದು ಚಿಮ್ಮುವ ಲಾಭವಿರುತ್ತದೆ. ಬೆಂಗಳೂರಿನ 50 ಮೀಟರ್ ಕೊಳದಲ್ಲಿ ಸಿಗುವುದು ಒಂದೇ ತಿರುವು. ಆದರೆ ಹದಿನೈದು ಸೆಕೆಂಡುಗಳಿಗೆ ಅದೊಂದೇ ಕಾರಣವಾಗಲಾರದು. ಕೊನೆಯ 25 ಮೀಟರಿನಲ್ಲಿ ತೊಡೆಗಳು ಕಲ್ಲಿನಂತಾಗಿ, ಒದೆತಕ್ಕೂ ಕೈಯ ಎಳೆತಕ್ಕೂ ಹೊಂದಾಣಿಕೆಯೇ ತಪ್ಪಿ ಹೋಗಿತ್ತು.

ಊರಿಗೆ ಬಂದು ಕೋಚ್ ಸರ್ ಮುಂದೆ ಸಮಯಗಳ ಚೀಟಿ ಇಟ್ಟಾಗ ಅವರು ನನ್ನ ಒದೆತದ ಬಗ್ಗೆ ಏನೂ ಹೇಳಲಿಲ್ಲ. “ಟೀಚರ್, ನೂರು ಫ್ರೀಸ್ಟೈಲ್ ಮುಗಿಸಿ ನೂರು ಬ್ರೆಸ್ಟ್‌ಸ್ಟ್ರೋಕಿಗೆ ಹೋಗೋದಕ್ಕೆ ಮಧ್ಯೆ ಎಷ್ಟು ನಿಮಿಷ ಇತ್ತು?” ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಮಗಳು ಮೊಬೈಲಿನಲ್ಲಿ ತೆಗೆದ ವಿಡಿಯೊಗಳ ಗಂಟೆ ನೋಡಿ ಲೆಕ್ಕ ಹಾಕಿದಾಗ ಹದಿನೆಂಟು ನಿಮಿಷ ಎಂದು ತಿಳಿಯಿತು. ಆ ಹದಿನೆಂಟು ನಿಮಿಷವನ್ನೂ ನಾನು ಒದ್ದೆ ಬಟ್ಟೆಯಲ್ಲಿ ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತು ಕಳೆದಿದ್ದೆ.

ಮಕ್ಕಳಿಗೆ ಪ್ರಯೋಗ ಮಾಡಿ ನೋಡಿ ಎಂದು ಹೇಳುವ ನಾನು ನನ್ನ ಮೇಲೆಯೇ ಅದನ್ನು ಮಾಡಿರಲಿಲ್ಲ. ಮುಂದಿನ ನಾಲ್ಕು ಭಾನುವಾರಗಳನ್ನು ಅದಕ್ಕೆ ಮೀಸಲಿಟ್ಟೆ. ಮೊದಲ ಭಾನುವಾರ 100 ಮೀಟರ್ ಫ್ರೀಸ್ಟೈಲನ್ನು ಸ್ಪರ್ಧೆಯಲ್ಲಿ ಈಜುವಷ್ಟೇ ಜೋರಾಗಿ ಈಜಿ, ಹದಿನೈದು ನಿಮಿಷ ಸುಮ್ಮನೆ ಕುಳಿತು, ಆಮೇಲೆ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದೆ: 2 ನಿಮಿಷ 6 ಸೆಕೆಂಡು. ಎರಡನೆಯ ಭಾನುವಾರ ಅದೇ ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ನೀರಿನಲ್ಲೇ ಆರಾಮವಾಗಿ ಈಜಾಡಿದೆ: 2 ನಿಮಿಷ 2 ಸೆಕೆಂಡು. ಮೂರನೆಯ ಬಾರಿ ಬಿಡುವನ್ನು ನಲವತ್ತು ನಿಮಿಷಕ್ಕೆ ಹೆಚ್ಚಿಸಿದಾಗ 1 ನಿಮಿಷ 57 ಸೆಕೆಂಡು ಬಂತು, ಅಂದರೆ ಹೆಚ್ಚುಕಡಿಮೆ ದಣಿಯದೆ ಈಜಿದ ಸಮಯವೇ. ನಾಲ್ಕನೆಯ ಭಾನುವಾರ 100 ಮೀಟರಿನ ಬದಲು 50 ಮೀಟರ್ ಫ್ರೀಸ್ಟೈಲ್ ಈಜಿ, ಹದಿನೈದು ನಿಮಿಷ ಮಾತ್ರ ಬಿಡುವು ಕೊಟ್ಟು ನೋಡಿದೆ: 1 ನಿಮಿಷ 58 ಸೆಕೆಂಡು. ಒಬ್ಬಳ ನಾಲ್ಕು ಅಳತೆಗಳಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಹುಟ್ಟುವುದಿಲ್ಲ. ನನ್ನ ಅರ್ಜಿಯನ್ನು ನಾನು ತುಂಬುವುದಕ್ಕೆ ಮಾತ್ರ ಅವು ಸಾಕಾದವು.

ಈ ಅಂಕಿಗಳಿಗೆ ಶರೀರಶಾಸ್ತ್ರದಲ್ಲಿ ಆಧಾರವೂ ಇದೆ. ಕೆಲವೇ ಸೆಕೆಂಡುಗಳ ರಭಸಕ್ಕೆ ಸ್ನಾಯು ಮುಖ್ಯವಾಗಿ ತನ್ನಲ್ಲಿ ಕೂಡಿಟ್ಟ ಫಾಸ್ಫೋಕ್ರಿಯಾಟಿನ್ ಬಳಸುತ್ತದೆ, ಮತ್ತು ಖರ್ಚಾದ ಆ ದಾಸ್ತಾನು ಕೆಲವು ನಿಮಿಷಗಳಲ್ಲೇ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಒಂದೆರಡು ನಿಮಿಷಗಳವರೆಗೆ ಎಳೆಯುವ 100 ಮತ್ತು 200 ಮೀಟರುಗಳಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ವೇಗವಾಗಿ ಒಡೆದು, ಅದರಿಂದ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತದೆ, ಅದರೊಂದಿಗೆ ಸ್ನಾಯುವಿನ ಆಮ್ಲೀಯತೆಯೂ ಹೆಚ್ಚುತ್ತದೆ. ಸುಮ್ಮನೆ ಕುಳಿತರೆ ಏರಿದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿಯಲು ಒಂದು ಗಂಟೆಯವರೆಗೂ ಬೇಕಾಗಬಹುದು, ಮೆಲ್ಲಗೆ ಅಲ್ಲಾಡುತ್ತಿದ್ದರೆ ಬೇಗ ಇಳಿಯುತ್ತದೆ. ಆದ್ದರಿಂದ ಅಂದಿನಿಂದ ನಾನು ಒಂದು 50 ಮೀಟರನ್ನೂ ಒಂದು 200 ಮೀಟರನ್ನೂ ಸಮಾನವಾಗಿ “ಒಂದು ಸ್ಪರ್ಧೆ” ಎಂದು ಎಣಿಸುವುದನ್ನು ಬಿಟ್ಟೆ.

ತೊಡಕೆಂದರೆ, ಸಣ್ಣ ಕೂಟಗಳಲ್ಲಿ ದಣಿವಾರಿಸಿಕೊಳ್ಳಲು ಬೇರೆ ಕೊಳ ಇರುವುದಿಲ್ಲ. ಬೆಳಿಗ್ಗೆ ವಾರ್ಮ್ ಅಪ್ ಮುಗಿದು ಮೊದಲ ಸೀಟಿ ಊದಿದ ಮೇಲೆ ನೀರು ಸ್ಪರ್ಧಿಗಳಿಗೆ ಮಾತ್ರ. ಹಾಗಾಗಿ ಎರಡನೆಯ ಭಾನುವಾರದ ಲಾಭ ಕೂಟದಲ್ಲಿ ಪೂರ್ತಿಯಾಗಿ ಸಿಗದು. ನಾನು ಕಂಡುಕೊಂಡ ದಾರಿಯೆಂದರೆ, ನೀರಿನಿಂದ ಎದ್ದ ಕೂಡಲೇ ಒಣ ಬಟ್ಟೆ ತೊಟ್ಟು, ಚಳ್ಳಕೆರೆಯ ಕಂಬಳಿ ಹೊದ್ದು, ಗ್ಯಾಲರಿಯ ಹಿಂದೆ ಹತ್ತು ಹದಿನೈದು ನಿಮಿಷ ಕೈ ಬೀಸುತ್ತಾ ನಡೆಯುವುದು. ಕುತ್ತಿಗೆಯ ನಾಡಿಯನ್ನು ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸಿದಾಗ ನೂರಕ್ಕಿಂತ ಕೆಳಗೆ ಬರುವವರೆಗೆ ನಾನು ಕುಳಿತುಕೊಳ್ಳುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ಮೈ ಒಮ್ಮೆ ತಣ್ಣಗಾಯಿತೆಂದರೆ ಮುಂದಿನ ಸ್ಪರ್ಧೆಯ ಹೊತ್ತಿಗೆ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಕಂಬಳಿಯ ವಿಷಯವನ್ನು ಯಾರೂ ಹಗುರವಾಗಿ ನೋಡಬಾರದು. ತಿನ್ನುವುದಕ್ಕೆ ಬಾಳೆಹಣ್ಣು ಮತ್ತು ನಮ್ಮ ಮಂಡಕ್ಕಿ ಭಟ್ಟಿಯಿಂದ ತಂದ ಬರೀ ಮಂಡಕ್ಕಿ, ಮಿರ್ಚಿಯಿಲ್ಲದೆ.

ಹಾಗಾದರೆ ಎರಡು ಸ್ಪರ್ಧೆಗಳ ನಡುವೆ ಎಷ್ಟು ಬಿಡುವು ಸಿಗುತ್ತದೆ ಎಂದು ಅರ್ಜಿ ತುಂಬುವ ಮೊದಲೇ ತಿಳಿಯುವುದು ಹೇಗೆ? ಹೀಟ್‌ಗಳ, ಅಂದರೆ ಒಂದು ಸಲಕ್ಕೆ ಒಟ್ಟಿಗೆ ಈಜುವ ಗುಂಪುಗಳ, ಪಟ್ಟಿ ಬರುವುದು ಹೆಸರು ಕೊಟ್ಟ ಮೇಲೆ. ನಾನು ಹಿಂದಿನ ವರ್ಷದ ಪಟ್ಟಿಯನ್ನು ಗೆಳತಿಯೊಬ್ಬರಿಂದ ತರಿಸಿಕೊಂಡು, ನನ್ನ ಎರಡು ಸ್ಪರ್ಧೆಗಳ ನಡುವೆ ಬಿದ್ದ ಹೀಟ್‌ಗಳನ್ನು ಪೆನ್ಸಿಲಿನಲ್ಲಿ ಎಣಿಸಿದೆ. ನಮ್ಮಂಥವರ 50 ಮೀಟರ್ ಹೀಟ್ ಒಂದಕ್ಕೆ, ಈಜುಗಾರರು ಬ್ಲಾಕ್ (ಧುಮುಕಲು ನಿಲ್ಲುವ ಕಟ್ಟೆ) ಏರಿ ಇಳಿಯುವುದೂ ಸೇರಿ, ಎರಡು ನಿಮಿಷ ಹಿಡಿದೆ; 100 ಮೀಟರಿಗೆ ಮೂರು, 200 ಮೀಟರಿಗೆ ಐದು. ನಾನು ಹೋದ ಕೂಟಗಳಲ್ಲಿ ಪ್ರತಿ ಸ್ಪರ್ಧೆಯನ್ನೂ ಮೊದಲು ಮಹಿಳೆಯರಿಗೆ, ಅನಂತರ ಪುರುಷರಿಗೆ ನಡೆಸುತ್ತಾರೆ. ನಮ್ಮ ಹೀಟ್‌ಗಳು ಎರಡೋ ಮೂರೋ ಇದ್ದರೆ ಪುರುಷರವು ಎಂಟು ಹತ್ತು ಇರುತ್ತವೆ, ಆದ್ದರಿಂದ ಮಹಿಳೆಯರಿಗೆ ಸಿಗುವ ವಿಶ್ರಾಂತಿಯೆಲ್ಲ ಪುರುಷರ ಹೀಟ್‌ಗಳ ಸಂಖ್ಯೆಯನ್ನೇ ಅವಲಂಬಿಸಿದೆ. ಕಾರ್ಯಕ್ರಮದಲ್ಲಿ ಒಂದರ ಪಕ್ಕದಲ್ಲೇ ಇನ್ನೊಂದಿರುವ ಸ್ಪರ್ಧೆಗಳಿಗೆ ಹತ್ತು ಹೀಟ್‌ಗಳ ಅಂತರ ಬಂದರೂ ಅದು 50 ಮೀಟರಾದರೆ ಇಪ್ಪತ್ತು ನಿಮಿಷ ಮಾತ್ರ. ಜೊತೆಗೆ ಸ್ಪರ್ಧಿಗಳನ್ನು ಕರೆದು ಸೇರಿಸುವ ಕಾಲ್ ರೂಮಿಗೆ ಮುಂಚೆಯೇ ಹೋಗಿ ಸಾಲಿನಲ್ಲಿ ನಿಲ್ಲಬೇಕಾದ ಹೊತ್ತನ್ನೂ ಇದರಲ್ಲಿ ಕಳೆಯಬೇಕು.

ಮುಂದಿನ ವರ್ಷದ ಕೂಟ ಎರಡು ದಿನದ್ದಾಗಿತ್ತು. ಆಗ ಎದುರಾದ ಆಕರ್ಷಣೆಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಹೆಸರುಗಳ ಸಂಖ್ಯೆ ಏರುವುದು ಅವುಗಳಿಂದಲೇ. ಮೊದಲ ದಿನದ ಆರಂಭದಲ್ಲೇ 200 ಮೀಟರ್ ವೈಯಕ್ತಿಕ ಮೆಡ್ಲೆ, ಅಂದರೆ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ನಾಲ್ಕನ್ನೂ ಒಬ್ಬರೇ ಈಜುವ ಸ್ಪರ್ಧೆ, ಇತ್ತು; ನನ್ನ ವಯಸ್ಸಿನ ಗುಂಪಿನಲ್ಲಿ ಹಿಂದಿನ ವರ್ಷ ಅದಕ್ಕೆ ಇಬ್ಬರೇ ಇಳಿದಿದ್ದರು. ಮುಗಿಸಿದರೆ ಪದಕ ಖಚಿತವೆಂಬಂತಿತ್ತು. ಬಟರ್‌ಫ್ಲೈ ನನಗೆ ಸರಿಯಾಗಿ ಬಾರದಿದ್ದರೂ ಮಾಸ್ಟರ್ಸ್ ನಿಯಮದಲ್ಲಿ ಬಟರ್‌ಫ್ಲೈಗೆ ಬ್ರೆಸ್ಟ್‌ಸ್ಟ್ರೋಕಿನ ಒದೆತವನ್ನೂ ಒಪ್ಪುತ್ತಾರೆ, ಆ ಅಡ್ಡಿಯೂ ಇರಲಿಲ್ಲ. ಎರಡು ದಿನ ಆ ಅರ್ಜಿಯ ಚೌಕವನ್ನು ನೋಡುತ್ತಲೇ ಇದ್ದೆ. ನಾನು ಅದನ್ನು ಬಿಟ್ಟದ್ದು ಮೊಣಕಾಲಿನ ಕಾರಣಕ್ಕೂ ಹೌದು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಪಾದವನ್ನು ಹೊರಕ್ಕೆ ತಿರುಗಿಸಿ ಒದೆಯುವಾಗ ಮೊಣಕಾಲಿನ ಒಳಭಾಗದ ಕಟ್ಟಿನ ಮೇಲೆ ಎಳೆತ ಬೀಳುತ್ತದೆ. ಒಂದೇ ದಿನ ಎರಡಕ್ಕಿಂತ ಹೆಚ್ಚು ಬಾರಿ ಜೋರಾಗಿ ಒದ್ದರೆ ನನಗೆ ಮರುದಿನ ಶಾಲೆಯ ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತದೆ. ಮೆಡ್ಲೆ ಎಂದರೆ ನನ್ನ ಮಟ್ಟಿಗೆ ಬಟರ್‌ಫ್ಲೈಯಲ್ಲೂ ಅದೇ ಒದೆತ, ಬ್ರೆಸ್ಟ್‌ಸ್ಟ್ರೋಕಿನಲ್ಲೂ ಅದೇ ಒದೆತ.

ಇನ್ನೊಂದು ರಿಲೆ. 4×50 ಮೀಟರ್ ಮಿಶ್ರ ರಿಲೆಯಲ್ಲಿ ಇಬ್ಬರು ಮಹಿಳೆಯರು, ಇಬ್ಬರು ಪುರುಷರು. ನಾಲ್ವರ ವಯಸ್ಸು ಕೂಡಿಸಿ 120ರಿಂದ 159, 160ರಿಂದ 199, 200ರಿಂದ 239 ಎಂದು ಗುಂಪು ಮಾಡುತ್ತಾರೆ. ನಮ್ಮ ಕೊಳದಿಂದ ಇಬ್ಬರೇ ಮಹಿಳೆಯರು ಹೋಗುತ್ತಿದ್ದೆವು, ನಾನು ಒಲ್ಲೆನೆಂದರೆ ತಂಡವೇ ಇರುತ್ತಿರಲಿಲ್ಲ. ವೈಯಕ್ತಿಕ ಸ್ಪರ್ಧೆಯಿಂದ ಹಿಂದೆ ಸರಿದರೆ ಅಧಿಕಾರಿಗಳ ಮೇಜಿಗೆ ತಿಳಿಸಿ ಬರಬಹುದು, ಒಂದು ಲೇನ್ ಖಾಲಿ ಉಳಿಯುತ್ತದೆ ಅಷ್ಟೆ. ರಿಲೆಯಿಂದ ಸರಿದರೆ ಮೂವರ ಪ್ರಯಾಣ ವ್ಯರ್ಥವಾಗುತ್ತದೆ. ಮೂವರಿಗಾಗಿ ಈಜುವಾಗ ನಾನು ನನಗಾಗಿ ಈಜುವುದಕ್ಕಿಂತ ಜೋರಾಗಿಯೇ ಈಜುತ್ತೇನೆ ಎಂಬುದೂ ನನಗೆ ಗೊತ್ತಿತ್ತು. ಆದ್ದರಿಂದ ರಿಲೆಯನ್ನು ಮೊದಲು ಬರೆದುಕೊಂಡು, ಅದನ್ನು ಪೂರ್ಣ ಸ್ಪರ್ಧೆಯೆಂದೇ ಎಣಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿದೆ.

ಕೊನೆಗೆ ಮೊದಲ ದಿನಕ್ಕೆ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಅದಾಗಿ ಒಂದು ಗಂಟೆಯ ಮೇಲೆ ಬರುವ 50 ಮೀಟರ್ ಫ್ರೀಸ್ಟೈಲ್; ಎರಡನೆಯ ದಿನಕ್ಕೆ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಮತ್ತು ರಿಲೆ. ಮುಖ್ಯ ಸ್ಪರ್ಧೆಗಿಂತ ಮೊದಲು ಏನನ್ನೂ ಇಟ್ಟುಕೊಳ್ಳಲಿಲ್ಲ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು ಅದೇ 50 ಮೀಟರ್ ಉದ್ದದ ಕೊಳದಲ್ಲಿ 1 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿದೆ, ಹಿಂದಿನ ವರ್ಷಕ್ಕಿಂತ ಹನ್ನೆರಡು ಸೆಕೆಂಡು ಕಡಿಮೆ. ವರ್ಷದ ಅಭ್ಯಾಸದ ಪಾಲೂ ಅದರಲ್ಲಿದೆ, ಎಲ್ಲವೂ ಬಿಡುವಿನಿಂದಲೇ ಬಂತೆಂದು ಹೇಳಲಾರೆ. ಆದರೆ ಕೊನೆಯ 25 ಮೀಟರಿನಲ್ಲಿ ಒದೆತ ಮತ್ತು ಎಳೆತ ಒಟ್ಟಿಗೇ ಇದ್ದವು, ಅದನ್ನು ನಾನು ನೀರಿನೊಳಗೇ ಅನುಭವಿಸಿದೆ.

ರಿಲೆಯಲ್ಲಿ ನನ್ನ ಜೊತೆಗಿದ್ದ ಅಕ್ಕ 61 ವರ್ಷದವರು. ಅವರು ಅವಕಾಶವಿದ್ದ ಐದಕ್ಕೂ ಹೆಸರು ಕೊಟ್ಟಿದ್ದರು. “ನಂಗೆ ಗಡಿಯಾರ ಬೇಡವೇ, ನೀರಾಗೆ ಇರೋದು ಬೇಕು” ಎಂದು ಅವರು ಮೊದಲೇ ಹೇಳಿದ್ದರು, ಐದನ್ನೂ ಸಮಾಧಾನದ ವೇಗದಲ್ಲಿ ಈಜಿ ಮುಗಿಸಿದರು. ಅವರ ಲೆಕ್ಕ ಅವರಿಗೆ ಸರಿ. ಮೊದಲ ಸಲ ಹೋಗುವವರು ನನ್ನನ್ನು ಕೇಳಿದರೆ ನಾನು ಎರಡು ಎನ್ನುತ್ತೇನೆ: ಭಯ ಕಳೆಯಲು ಬೆಳಿಗ್ಗೆಯೇ ಬರುವ ಒಂದು 50 ಮೀಟರ್, ಆಮೇಲೆ ತಯಾರಾದ ಸ್ಪರ್ಧೆ. ಬ್ಲಾಕಿನಿಂದ ಧುಮುಕಲು ಅಳುಕಿದರೆ ನೀರಿನೊಳಗೆ ಗೋಡೆ ಹಿಡಿದೇ ಹೊರಡಬಹುದು, ಮಾಸ್ಟರ್ಸ್ ನಿಯಮ ಅದಕ್ಕೆ ಅಡ್ಡಿಪಡಿಸುವುದಿಲ್ಲ.

ಈ ವರ್ಷದ ಸುತ್ತೋಲೆ ಕಳೆದ ವಾರ ಬಂದಿದೆ. ನಾನು ಬಿಟ್ಟಿದ್ದ 200 ಮೀಟರ್ ಫ್ರೀಸ್ಟೈಲ್ ಈ ಬಾರಿ ಮೊದಲ ದಿನದ ಕೊನೆಯಲ್ಲಿದೆ, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಆದ ಮೇಲೆ ಹಳೆಯ ಪಟ್ಟಿಯ ಪ್ರಕಾರ ಸುಮಾರು ಎಂಬತ್ತು ನಿಮಿಷಕ್ಕೆ. ಅರ್ಜಿಗೆ ಇನ್ನೂ ಹದಿನಾರು ದಿನ ಇದೆ. ಬರುವ ಎರಡು ಭಾನುವಾರ ಅದೇ ಕ್ರಮದಲ್ಲಿ, ಅದೇ ಬಿಡುವಿನಲ್ಲಿ, ನಡುವೆ ನೀರಿಗಿಳಿಯದೆ ಕಂಬಳಿ ಹೊದ್ದು ನಡೆದು, ಎರಡನ್ನೂ ಈಜಿ ನೋಡುತ್ತೇನೆ. ಮರುದಿನ ಬೆಳಿಗ್ಗೆ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ 53 ಸೆಕೆಂಡಿನೊಳಗೆ ಬಂದರೆ ಆ ಚೌಕದಲ್ಲಿ ಗುರುತು ಹಾಕುತ್ತೇನೆ.