ಇವೆಂಟ್ ಕೆಲಸ, ಕೈಗೂಸು: ಎರಡಕ್ಕೂ ಒಂದೇ ರನ್ ಶೀಟ್

ಕಾರ್ಪೊರೇಟ್ ಇವೆಂಟ್ ನಡೆಸುವ ತಾಯಂದಿರು ಹೆಚ್ಚಾಗಿ ಹೆದರುವುದು ಕಾರ್ಯಕ್ರಮದ ದಿನಕ್ಕೆ. ನನ್ನ ಲೆಕ್ಕದಲ್ಲಿ ಆ ದಿನವೇ ಸುಲಭ. ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ, ಮಗುವನ್ನು ನೋಡಿಕೊಳ್ಳುವವರು ನಿಗದಿಯಾಗಿರುತ್ತಾರೆ, ಮನೆಯವರೂ ಸಣ್ಣಪುಟ್ಟದ್ದಕ್ಕೆ ಫೋನ್ ಮಾಡುವುದಿಲ್ಲ. ಕೈಕೊಡುವುದು ಅದಕ್ಕೆ ಹಿಂದಿನ ಮೂರು ದಿನ, ಆಮೇಲೆ ಮಾರನೆಯ ದಿನ. ಅತಿಥಿಗಳ ಸಂಖ್ಯೆ ಏರುವುದು, ಮುಖ್ಯ ಭಾಷಣಕಾರರ ಸ್ಲೈಡುಗಳು ತಡವಾಗುವುದು, ಸಂಜೆ ಆರಕ್ಕೆಂದಿದ್ದ ರಿಹರ್ಸಲ್ ರಾತ್ರಿ ಹತ್ತಕ್ಕೆ ಜಾರುವುದು, ಎಲ್ಲವೂ ಆ ಮೂರು ದಿನಗಳಲ್ಲೇ. ಹಾಗಾಗಿ ಮಗುವಿನ ವ್ಯವಸ್ಥೆಯನ್ನು ನಾನು ಒಂದು ದಿನಕ್ಕೆ ಮಾಡುವುದಿಲ್ಲ, ಐದು ದಿನಕ್ಕೆ ಒಟ್ಟಿಗೆ ಮಾಡುತ್ತೇನೆ. ಬೇಡವಾದರೆ ಬಿಡಬಹುದು, ಕೊನೆ ಗಳಿಗೆಯಲ್ಲಿ ಜನ ಹುಡುಕುವುದಕ್ಕಿಂತ ಅದು ವಾಸಿ.

ಯೋಜನೆ ಹಿಂದಿನಿಂದ ಶುರುವಾಗುತ್ತದೆ. ಕಾರ್ಯಕ್ರಮದ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸುತ್ತೇನೆ. ಸುಮಾರು 30 ದಿನ ಮೊದಲು ಹೋಟೆಲ್ ಕೋಣೆಗಳ ಅಂತಿಮ ಪಟ್ಟಿ, 14 ದಿನ ಮೊದಲು ವೇದಿಕೆ, ಧ್ವನಿ, ಬೆಳಕಿನ ನಕ್ಷೆ, 7 ದಿನ ಮೊದಲು ನಿರೂಪಣೆಯ ಪ್ರತಿ, 72 ಗಂಟೆ ಮೊದಲು ಊಟದವರಿಗೆ ಖಚಿತ ಹೆಡ್‌ಕೌಂಟ್. ಈ ಗಡುವುಗಳು ಒಪ್ಪಂದಕ್ಕೆ ತಕ್ಕಂತೆ ಹಿಂದೆ ಮುಂದೆ ಆಗುತ್ತವೆ. ಅದೇ ಹಾಳೆಯಲ್ಲಿ ಮಗುವಿಗೂ ಒಂದು ಕಾಲಂ: ಲಸಿಕೆ, ಶಾಲೆಯ ರಜೆ, ಪರೀಕ್ಷೆ, ಮಗು ನೋಡಿಕೊಳ್ಳುವವರ ರಜೆ. ಎರಡು ಬೇರೆ ಕ್ಯಾಲೆಂಡರ್ ಇಟ್ಟುಕೊಂಡರೆ ಡಿಕ್ಕಿ ಹೊಡೆಯುವ ದಿನಗಳು ಕಣ್ಣಿಗೆ ಬೀಳುವುದೇ ಇಲ್ಲ. ಲಸಿಕೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹೆಚ್ಚಿನ ಲಸಿಕೆಗಳಿಗೆ ಜ್ವರ ಬಂದರೆ ಒಂದೆರಡು ದಿನದೊಳಗೆ ಬರುತ್ತದೆ. ದಡಾರ ತಡೆಯಲು ಕೊಡುವ ಎಂಎಂಆರ್ ಲಸಿಕೆಗೆ ಒಂದು ವಾರ ಕಳೆದ ಮೇಲೆ ಬರಬಹುದು. ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾರಿರಬೇಕೆಂದು ಮೊದಲೇ ಗೊತ್ತು ಮಾಡಿಟ್ಟರೆ ಸಾಕು.

ಯಾವ ಕೆಲಸ ಒಪ್ಪಿಕೊಳ್ಳುವುದು ಎನ್ನುವುದರಲ್ಲೇ ಅರ್ಧ ಹೊರೆ ಇಳಿಯುತ್ತದೆ. ಮಗುವಿಗೆ ಒಂದು ವರ್ಷ ಆಗುವವರೆಗೆ ಹಗಲಿನ ಒಂದು ದಿನದ ಸಮ್ಮೇಳನ, ತರಬೇತಿ ಶಿಬಿರಗಳು ಸರಿ. ಉತ್ಪನ್ನ ಬಿಡುಗಡೆಯನ್ನು ನಾನು ದೂರವಿಡುತ್ತೇನೆ. ಅದು ದೊಡ್ಡದೆಂದಲ್ಲ, ಅದರ ದಿನಾಂಕ ಜಾರುತ್ತದೆ. ಉತ್ಪನ್ನ ತಡವಾದರೆ ಕಾರ್ಯಕ್ರಮವೂ ತಡ, ಜೋಡಿಸಿಟ್ಟ ಐದು ದಿನಗಳೂ ಹಾಳು. ಪ್ರಶಸ್ತಿ ಸಮಾರಂಭಗಳಲ್ಲಿ ತೊಂದರೆ ಬೇರೆ: ರಾತ್ರಿ ಮುಗಿದ ಮೇಲೆ ವೇದಿಕೆ ಬಿಚ್ಚುವ ಕೆಲಸ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಸಭಾಂಗಣ ಯಾವಾಗ ಕೈಗೆ ಸಿಗುತ್ತದೆ, ಯಾವಾಗ ಖಾಲಿ ಮಾಡಬೇಕು ಎಂದು ಕೇಳಬೇಕು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಬೆಳಗ್ಗೆ ಬಿಚ್ಚಲು ಅವಕಾಶ ಸಿಗುವುದಾದರೆ ಕ್ಲೈಂಟ್ ಹತ್ತಿರ ಅದನ್ನು ವಾದಿಸಿ ಪಡೆಯುವುದು ಲಾಭ. ನಿದ್ದೆಗೆಟ್ಟ ಕೆಲಸಗಾರರು ನಡುರಾತ್ರಿ ಟ್ರಸ್ (ದೀಪಗಳನ್ನು ತೂಗುಹಾಕುವ ಲೋಹದ ಚೌಕಟ್ಟು) ಇಳಿಸುವುದು ತಪ್ಪುತ್ತದೆ ಎಂಬ ಸುರಕ್ಷತೆಯ ಕಾರಣವೂ ಜೊತೆಗೆ ಇದೆ, ಅದನ್ನೇ ಮುಂದಿಟ್ಟರೆ ಮಾತು ಬೇಗ ನಡೆಯುತ್ತದೆ.

ಇನ್ನು ನನ್ನ ಜಾಗದಲ್ಲಿ ನಿಲ್ಲುವ ಸಹೋದ್ಯೋಗಿ. ಹೆಸರಿಗೆ ಸಹಾಯಕಿ ಇದ್ದರೆ ಸಾಲದು, ಇಡೀ ಶೋ ನಡೆಸಬಲ್ಲವಳಾಗಿರಬೇಕು. ರನ್ ಶೀಟಿನಲ್ಲಿ, ಅಂದರೆ ಯಾವ ಹೊತ್ತಿಗೆ ಏನು ನಡೆಯಬೇಕೆಂದು ಬರೆದಿಡುವ ಹಾಳೆಯಲ್ಲಿ, ಸಮಯ, ಅವಧಿ, ವೇದಿಕೆಯ ಮೇಲೆ ಯಾರು, ಮೈಕ್, ಬೆಳಕು, ಪರದೆ, ಷರಾ ಹೀಗೆ ಏಳು ಕಾಲಂ ಇಡುತ್ತೇನೆ. ಧ್ವನಿ, ಬೆಳಕಿನ ಕನ್ಸೋಲ್ ಹಿಂದೆ ಕೂತವರು ನನ್ನನ್ನು ಏನೂ ಕೇಳದೆ ಮುಂದಿನ ಕ್ಯೂ (ಶುರುಮಾಡುವ ಸೂಚನೆ) ಕೊಡುವಷ್ಟು ಅದು ಸ್ಪಷ್ಟವಾಗಿರಬೇಕು. ಅದು ನಿಜವೋ ಎಂದು ನೋಡಲು ಒಂದೇ ದಾರಿ: ಎರಡು ರಿಹರ್ಸಲ್ ಇದ್ದರೆ ಒಂದನ್ನು ಪೂರ್ತಿ ಅವಳೇ ನಡೆಸಬೇಕು, ನಾನು ಕೊನೆಯ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು. ಅವಳು ತಡವರಿಸಿದ ಕಡೆಯೆಲ್ಲ ಹಾಳೆಯಲ್ಲಿ ಕೊರತೆ ಇದೆ ಎಂದರ್ಥ. ಹೆಚ್ಚಿನ ಕೊರತೆಗಳು ಫೋನಿನಲ್ಲಿ ಆದ ಒಪ್ಪಂದಗಳು. 'ಅಧ್ಯಕ್ಷರು ಎಡಗಡೆಯಿಂದ ಬರ್ತಾರೆ, ಅವರಿಗೆ ಮೆಟ್ಟಿಲು ಆಗಲ್ಲ' ಎಂದು ಕ್ಲೈಂಟ್ ನನಗೊಬ್ಬಳಿಗೇ ಹೇಳಿರುತ್ತಾರೆ. ಅಂಥದ್ದನ್ನು ಫೋನಿಟ್ಟ ಕೂಡಲೇ ತಂಡದ ಗುಂಪಿಗೆ ಬರೆದು ಹಾಕಬೇಕು. ಮಗುವಿಗೆ ಹಠಾತ್ ಜ್ವರ ಬಂದ ರಾತ್ರಿ ಕೆಲಸ ಹಸ್ತಾಂತರ ಮಾಡಲು ಕೂತರೆ, ತಲೆಯಲ್ಲಿರುವುದೆಲ್ಲ ನೆನಪಿಗೆ ಬರುವುದಿಲ್ಲ.

ಎದೆಹಾಲು ಕುಡಿಯುವ ಕೂಸಿದ್ದರೆ ಪಂಪ್ ಮಾಡುವ ಹೊತ್ತು ರನ್ ಶೀಟಿನಲ್ಲೇ ಬರಬೇಕು. ಹೆಚ್ಚುಕಡಿಮೆ ಮೂರು ಗಂಟೆಗೊಮ್ಮೆ, ತೊಳೆದಿಡುವುದೂ ಸೇರಿ ಅರ್ಧ ಗಂಟೆ. ಹೊಸಬರು ಇದನ್ನು ಚಹಾ ವಿರಾಮಕ್ಕೆ ಹಾಕಿಕೊಳ್ಳುತ್ತಾರೆ, ಅಲ್ಲೇ ಎಡವಟ್ಟಾಗುತ್ತದೆ. ವಿರಾಮದಲ್ಲಿ ವೇದಿಕೆ ಬದಲಾಗುತ್ತಿರುತ್ತದೆ, ಊಟದವರು ಕೇಳುತ್ತಿರುತ್ತಾರೆ, ಕ್ಲೈಂಟ್ ಹುಡುಕಿಕೊಂಡು ಬರುತ್ತಾರೆ. ನಮಗೆ ಬಿಡುವು ಸಿಗುವುದು ದೀರ್ಘ ಭಾಷಣದ ನಡುವೆ. ಭಾಷಣ ಶುರುವಾಗಿ ಐದು ನಿಮಿಷ ಕಳೆದು ಮೈಕ್, ಸ್ಲೈಡ್, ಟೈಮರ್ ಎಲ್ಲ ಹಿಡಿತಕ್ಕೆ ಬಂದ ಮೇಲೆ ಅರ್ಧ ಗಂಟೆ ಯಾರಿಗೂ ನಾವು ಬೇಕಾಗುವುದಿಲ್ಲ. 40 ನಿಮಿಷದ ಭಾಷಣ ಎಲ್ಲಿದೆಯೆಂದು ನೋಡಿ ಅಲ್ಲಿ ಗುರುತು ಹಾಕಿ, ಆ ಹೊತ್ತಿನ ವಾಕಿಟಾಕಿ ಸಹೋದ್ಯೋಗಿಯ ಕೈಗೆ ಕೊಡಬೇಕು.

ಪಂಪ್ ಮಾಡುವ ಕೋಣೆಯನ್ನು ರೆಕ್ಕಿಯ ದಿನವೇ, ಅಂದರೆ ಮೊದಲು ಜಾಗ ನೋಡಲು ಹೋದಾಗಲೇ, ಕೇಳಿ ಇಟ್ಟುಕೊಳ್ಳಬೇಕು: ಒಳಗಿನಿಂದ ಚಿಲಕ, ಒಂದು ಪ್ಲಗ್ ಪಾಯಿಂಟ್, ಕೂರಲು ಕುರ್ಚಿ, ಹತ್ತಿರದಲ್ಲಿ ನೀರು. ಗ್ರೀನ್ ರೂಮ್ ಬೇಡ, ಅಲ್ಲಿ ಭಾಷಣಕಾರರ ಓಡಾಟ ನಿಲ್ಲುವುದಿಲ್ಲ. ಶೌಚಾಲಯ ಖಂಡಿತ ಬೇಡ. ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇರುವ ಕೂಲರ್ ಬ್ಯಾಗಿನಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಫ್ರೀಜರಿನಲ್ಲಿಟ್ಟದ್ದನ್ನು 6 ತಿಂಗಳೊಳಗೆ ಬಳಸುವುದು ಉತ್ತಮ. ಫ್ರಿಜ್ಜಿನಲ್ಲಿ ಕರಗಿಸಿದರೆ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಸಭಾಂಗಣದ ಅಡುಗೆಮನೆಯ ಫ್ರಿಜ್ ನಂಬಿಕೊಳ್ಳುವಂಥದ್ದಲ್ಲ, ದಿನವಿಡೀ ಬಾಗಿಲು ತೆರೆದು ಮುಚ್ಚುತ್ತಲೇ ಇರುತ್ತಾರೆ. ಅಲ್ಲಿ ಇಡಲೇಬೇಕಾದರೆ ಬಾಗಿಲಿನ ಖಾನೆಯಲ್ಲಿ ಅಲ್ಲ, ಒಳಗಡೆ ಹಿಂದಕ್ಕೆ, ದಿನಾಂಕ ಸಮಯ ಬರೆದು.

ಪಂಪ್ ಕೆಟ್ಟಿತು ಅನ್ನಿಸಿದಾಗ ಮೋಟಾರ್ ನೋಡುವ ಮೊದಲು ವಾಲ್ವ್ ನೋಡಿ. ಆ ತೆಳು ರಬ್ಬರಿನ ಭಾಗ ಒಂಚೂರು ಹರಿದರೂ ಎಳೆತ ಕುಂದುತ್ತದೆ. ಒಂದು ಜೊತೆ ವಾಲ್ವ್, ಪವರ್ ಬ್ಯಾಂಕ್ ಚೀಲದಲ್ಲಿರಲಿ. ಕೈಯಿಂದಲೇ ಹಾಲು ತೆಗೆಯುವುದನ್ನು ಕಲಿತಿರುವುದು ಅದಕ್ಕಿಂತ ಒಳ್ಳೆಯದು. 'ಇನ್ನೊಂದು ಸೆಷನ್ ಮುಗಿಯಲಿ' ಎಂದು ಎರಡು ಸಲ ತಪ್ಪಿಸಿದರೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗುತ್ತದೆ. ಅದರ ಮೇಲೆ ಜ್ವರ, ಚಳಿ, ಕೆಂಪು ಕಂಡರೆ ಬಾವು ಆಗುತ್ತಿರಬಹುದು, ವೈದ್ಯರನ್ನು ಕಾಣುವುದಕ್ಕೆ ಕಾರ್ಯಕ್ರಮ ಮುಗಿಯಲೆಂದು ಕಾಯಬಾರದು.

ಮನೆಯಲ್ಲಿ ಬಿಟ್ಟುಹೋಗುವ ಹಾಳೆ ಒಂದೇ ಪುಟದ್ದಿರಲಿ. ಹಾಲು ಊಟದ ಹೊತ್ತು, ಅಳತೆ, ಮಗು ಮಲಗುವ ಕ್ರಮ, ಮಗುವಿನ ತೂಕಕ್ಕೆ ವೈದ್ಯರು ಬರೆದ ಜ್ವರದ ಔಷಧಿಯ ಪ್ರಮಾಣ, ವೈದ್ಯರ ನಂಬರ್. ಅದರ ಕೆಳಗೆ, ಯಾವುದಕ್ಕೆ ನನಗೆ ಫೋನ್ ಮಾಡಬೇಕು, ಯಾವುದಕ್ಕೆ ಮಾಡದೆ ನೇರ ವೈದ್ಯರ ಹತ್ತಿರ ಹೋಗಬೇಕು ಎಂದು ಬಿಡಿಸಿ ಬರೆಯಬೇಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾನು ಫೋನ್ ಎತ್ತುವವರೆಗೆ ಕಾಯುತ್ತ ಕೂರಬಾರದು. ನೋಡಿಕೊಳ್ಳುವವರು ಇಬ್ಬರಿರಬೇಕು. ಎರಡನೆಯವರು ಹಗಲಲ್ಲಿ ಆಡಿಸಿದ್ದರಷ್ಟೇ ಸಾಲದು, ಮೊದಲೇ ಒಂದು ರಾತ್ರಿ ಮಗುವನ್ನು ಮಲಗಿಸಿರಬೇಕು. ನಿದ್ದೆಯ ಹೊತ್ತಿಗೆ ಹೊಸ ಮುಖ ಕಂಡ ಮಗು ಮಲಗುವುದಿಲ್ಲ, ಆಮೇಲೆ ವಿಡಿಯೋ ಕರೆ ಮಾಡಿಸುತ್ತಾರೆ, ಅಮ್ಮನ ಮುಖ ಕಂಡು ಅಳು ಇನ್ನಷ್ಟು ಜೋರಾಗುತ್ತದೆ.

ಮಗುವನ್ನು ಕೆಲಸದ ಜಾಗಕ್ಕೆ ಕರೆತರುವುದು ಎಷ್ಟು ಮುದ್ದಾಗಿ ಕಂಡರೂ ಸೆಟಪ್ ಹೊತ್ತಿನಲ್ಲಿ ಬೇಡವೇ ಬೇಡ. ಫೋರ್ಕ್‌ಲಿಫ್ಟ್, ತಲೆಯ ಮೇಲೆ ತೂಗುವ ಟ್ರಸ್, ಅಂಚಿಗೆ ಕಟಕಟೆ ಇಲ್ಲದ ವೇದಿಕೆ, ನೆಲದಲ್ಲಿ ಹರಡಿದ ಕೇಬಲ್.

ಕ್ಲೈಂಟಿಗೆ ಮಗುವಿನ ಕಾರಣ ವಿವರಿಸುವುದೂ ಬೇಡ, ಮುಚ್ಚಿಡುವುದೂ ಬೇಡ. 'ಸಂಜೆ ಆರೂವರೆಯಿಂದ ಎಂಟೂವರೆವರೆಗೆ ನಾನು ಸಿಗುವುದಿಲ್ಲ, ಆ ಹೊತ್ತಿಗೆ ಈ ನಂಬರ್' ಎಂದು ಮೊದಲ ಸಭೆಯಲ್ಲೇ ಹೇಳಿಬಿಟ್ಟರೆ ಅವರೂ ಹೊಂದಿಕೊಳ್ಳುತ್ತಾರೆ. ನಡುವಿನಲ್ಲಿ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಮಾರನೆಯ ದಿನವನ್ನು ಉಳಿಸಿಕೊಳ್ಳುವ ಕೆಲಸ ಹಿಂದಿನ ರಾತ್ರಿಯೇ ಆಗಬೇಕು. ಹೆಚ್ಚುವರಿ ಕುರ್ಚಿ, ಹೆಚ್ಚುವರಿ ಗಂಟೆ, ಮುರಿದ ಸಾಮಾನು, ಬಡಿಸಿದ ತಟ್ಟೆಗಳ ಲೆಕ್ಕ ಇವನ್ನೆಲ್ಲ ವೆಂಡರ್ ಜಾಗ ಬಿಡುವ ಮುಂಚೆ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಫೋಟೋ ತೆಗೆದಿಟ್ಟರೆ, ಮರುದಿನ ಬೆಳಗಿನಿಂದ ಬಿಲ್ಲಿನ ಜಗಳದ ಫೋನುಗಳು ಬರುವುದಿಲ್ಲ. ಕ್ಲೈಂಟ್ ಜೊತೆಗಿನ ವಿಮರ್ಶೆಯ ಸಭೆಯನ್ನು ಕಾರ್ಯಕ್ರಮ ಮುಗಿದ ಎರಡನೆಯ ದಿನಕ್ಕೆ ಹಾಕಿ, ಆ ದಿನಾಂಕವನ್ನು ಒಪ್ಪಂದದ ವೇಳಾಪಟ್ಟಿಯಲ್ಲೇ ಸೇರಿಸುತ್ತೇನೆ. ಮನೆಯಲ್ಲಿ ಮಗುವನ್ನು ನೋಡಿಕೊಂಡವರ ಹೆಚ್ಚುವರಿ ಗಂಟೆಗಳ ಹಣವನ್ನೂ ಅದೇ ರಾತ್ರಿ ಚುಕ್ತಾ ಮಾಡುವುದು ಒಳ್ಳೆಯದು. ಎಷ್ಟು ಗಂಟೆಯ ನಂತರ ಎಷ್ಟು ಎಂಬುದನ್ನು ಐದು ದಿನಗಳು ಶುರುವಾಗುವ ಮೊದಲೇ ಮಾತಾಡಿಕೊಂಡಿರಬೇಕು, ಯಾಕೆಂದರೆ ರಿಹರ್ಸಲ್ ಜಾರಿದಾಗ ಮೊದಲು ಫೋನ್ ಮಾಡಬೇಕಾಗುವುದು ಅವರಿಗೇ.