ನೆನಪಿಲ್ಲದ ಹೊತ್ತು ಆ್ಯಪ್‌ನಲ್ಲೂ ಖಾಲಿ ಇರಲಿ

ಡಿಸೋಸಿಯೇಟಿವ್ ಡಿಸಾರ್ಡರ್ (ನೆನಪು ತಪ್ಪುವುದು, ತನ್ನಿಂದ ತಾನೇ ದೂರವಾದ ಹಾಗೆ ಅನ್ನಿಸುವುದು, ಇಂಥ ಮಾನಸಿಕ ಸಮಸ್ಯೆ) ಇದ್ದು, ದಿನದ ಮನಸ್ಥಿತಿ ಬರೆದಿಡುವ ಮೂಡ್ ಆ್ಯಪ್ ಬಳಸುವವರಿಗೆ: ನೆನಪಿಲ್ಲದ ಹೊತ್ತನ್ನು ಆಮೇಲೆ ಊಹಿಸಿ ತುಂಬಬೇಡಿ, ‘ಗೊತ್ತಿಲ್ಲ’ ಅಂತ ಬರೆದು ಬಿಟ್ಟುಬಿಡಿ. ನಾಲ್ಕು ದಿನ ಕಳೆದರೆ ಊಹೆಯೇ ನಿಜವಾದ ನೆನಪಿನ ಹಾಗೆ ಕಾಣಬಹುದು. ನೆನಪು ಎಲ್ಲಿ ತಪ್ಪಿದೆ ಅನ್ನುವುದೂ ಥೆರಪಿಸ್ಟ್‌ಗೆ ಬೇಕಾದ ಮಾಹಿತಿಯೇ ಅಲ್ವಾ? ಮೂಡ್‌ಗೆ ಅಂಕ ಕೊಡುವ ಬದಲು ಈಗಿನದ್ದು ಒಂದು ಸಾಲು ಸಾಕು: ‘ಸಂಜೆ 4, ಅಡುಗೆಮನೆ, ಕೈಯಲ್ಲಿ ಬಿಸಿ ಲೋಟ.’ ಸ್ಟ್ರೀಕ್ (ಸತತ ಎಷ್ಟು ದಿನ ಬರೆದಿರಿ ಅನ್ನುವ ಲೆಕ್ಕ), ಹಳೇ ಎಂಟ್ರಿ ತೋರಿಸುವ ನೋಟಿಫಿಕೇಷನ್ ಎಲ್ಲ ಆಫ್ ಮಾಡಿ, ಸುಮ್ನೆ ಕಾಟ. ಆದರೆ ಬರೆಯುವಾಗಲೇ ನಿಮ್ಮನ್ನು ನೀವು ಹೊರಗಿನಿಂದ ನೋಡುತ್ತಿರುವ ಹಾಗೆ ಅನ್ನಿಸಿದರೆ ಈ ಬರೆಯುವ ಉಪಾಯ ನಡೆಯುವುದಿಲ್ಲ; ಗಮನಿಸಿದಷ್ಟೂ ಅದು ಜಾಸ್ತಿಯಾಗಬಹುದು. ಆಗ ಫೋನ್ ಪಕ್ಕಕ್ಕಿಟ್ಟು ಕಾಲು ನೆಲಕ್ಕೆ ಊರಿ, ತಣ್ಣೀರು ಮುಟ್ಟಿ. ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ, ಕನ್ನಡದಲ್ಲೂ ಮಾತನಾಡುತ್ತಾರೆ.